ಓಡದೇ ಉಳಿದ ಟೆಸ್ಟುಗಳು

ಕೋವಿಡ್ ಗಲಾಟೆ ಅಡಗಿದ ಮರುವರ್ಷ ನಾನು ದಾಂಡೇಲಿಯ ಒಂದು ಧರ್ಮಾರ್ಥ ಆಸ್ಪತ್ರೆಯಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿದ್ದೆ. ಕಪ್ಪು ಪರದೆಯ ಮೇಲೆ ಕಮಾಂಡ್ ಟೈಪಿಸುತ್ತಲೇ ಅರ್ಧ ಆಯುಷ್ಯ ಕಳೆದಿತ್ತು. ಕುತ್ತಿಗೆ ನೋವು ಕಾಯಂ ಆಗಿತ್ತು. ಹೊಸದು ಕಲಿಯುವ ಉಮೇದು ಉಳಿದಿರಲಿಲ್ಲ.

ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆಯ ಹಳ್ಳಿಗಳಲ್ಲಿ ನಮ್ಮ ಸಣ್ಣ ದವಾಖಾನೆಗಳಿದ್ದವು. ಅಲ್ಲಿಯ ನರ್ಸ್ ಮಗುವಿನ ವಯಸ್ಸು, ತೂಕ ಟ್ಯಾಬ್‌ನಲ್ಲಿ ಹಾಕಿದರೆ ಜ್ವರದ ಸಿರಪ್ ಎಷ್ಟು ಕೊಡಬೇಕೆಂದು ನಮ್ಮ ಪ್ರೋಗ್ರಾಂ ಹೇಳುತ್ತಿತ್ತು. ಆ ಸಲ ಎರಡು ಪಟ್ಟು ಗಟ್ಟಿಯಾದ ಹೊಸ ಸಿರಪ್ ಬಂತು. ಪ್ರೋಗ್ರಾಮರ್ ಶಿವಾನಂದ ಅದಕ್ಕೆ ತಕ್ಕಂತೆ ಲೆಕ್ಕ ತಿದ್ದಿದ. ಸೋಮವಾರ ಬೆಳಿಗ್ಗೆ ಹೊಸ ಲೆಕ್ಕ ಚಾಲೂ ಆಗುತ್ತದೆ, ಆಗ ಹೊಸ ಬಾಟಲಿ ತೆರೆಯಿರಿ ಎಂದು ಎಲ್ಲ ನರ್ಸ್‌ಗಳಿಗೆ ಮೊದಲೇ ಹೇಳಿಯಾಗಿತ್ತು.

ಚಾಲೂ ಮಾಡುವ ಮುನ್ನ ಯುನಿಟ್ ಟೆಸ್ಟ್ ಓಡಿಸುವುದು ನಮ್ಮ ಪದ್ಧತಿ. ಪ್ರೋಗ್ರಾಮಿನ ಒಂದೊಂದು ಸಣ್ಣ ಭಾಗವೂ ಸರಿಯಾದ ಉತ್ತರ ಕೊಡುತ್ತದೆಯೇ ಎಂದು ಬಿಡಿಬಿಡಿಯಾಗಿ ನೋಡುವ ಪರೀಕ್ಷೆ ಅದು. ಅದಕ್ಕೆಂದೇ ಸರ್ವರ್‌ನಲ್ಲಿ ಒಂದು ಪ್ಯಾಕೇಜ್, ಅಂದರೆ ಸಿದ್ಧ ಸಾಫ್ಟ್‌ವೇರ್, ಇತ್ತು. ಸೋಮವಾರ ಕಮಾಂಡ್ ಕೊಟ್ಟಾಗ ಅದು ಕ್ಷಣದಲ್ಲಿ ಮುಗಿಯಿತು. ಶಿವಾನಂದ ನಿರಾಳವಾದ.

“ತಪ್ಪು ಒಂದೂ ಬಂದಿಲ್ರಿ ಸರ್. ಚಾಲೂ ಮಾಡೂಣು.”

“ತಪ್ಪು ಬಂದಿಲ್ಲ ಖರೆ. ಟೆಸ್ಟ್ ಓಡ್ಯಾವೇನು ನೋಡು.”

ಒಂದೂ ಓಡಿರಲಿಲ್ಲ. ಹಿಂದಿನ ವಾರ ಸರ್ವರ್ ಅಪ್‌ಡೇಟ್ ಆದಾಗ ಆ ಪ್ಯಾಕೇಜಿನ ಹೊಸ ಆವೃತ್ತಿ ತಾನಾಗಿ ಬಂದು ಕೂತಿತ್ತು. ನಮ್ಮ ಹಳೆಯ ಶೈಲಿಯ ಟೆಸ್ಟುಗಳನ್ನು ಅದು ಗುರುತಿಸುತ್ತಲೇ ಇರಲಿಲ್ಲ.

ಮುಖ್ಯ ವೈದ್ಯೆ ಬಾಗಿಲಲ್ಲಿ ನಿಂತಿದ್ದರು. ತಡ ಮಾಡಿದರೆ ನರ್ಸ್‌ಗಳು ಹಳೆಯ ಲೆಕ್ಕದಲ್ಲೇ ಹೊಸ ಸಿರಪ್ ಕೊಟ್ಟಾರು ಎಂಬುದು ಅವರ ಆತಂಕ. ಅದೂ ನ್ಯಾಯವೇ.

“ಎಲ್ಲಾರಿಗೂ ಫೋನ್ ಹಚ್ಚಸ್ರಿ ಮೇಡಂ,” ಎಂದೆ. “ಹೊಸ ಬಾಟ್ಲಿ ತೆಗೀಬ್ಯಾಡ್ರಿ ಅಂತ ಹೇಳ್ರಿ. ಟೆಸ್ಟ್ ಓಡಿಸಿ ನೋಡದ ನಾ ಇದನ್ನ ಚಾಲೂ ಮಾಡಾಂಗಿಲ್ಲ.”

ಜೋಯಿಡಾ ಕಾಡಿನೊಳಗಿನ ಒಂದು ದವಾಖಾನೆ ಬಿಟ್ಟು ಎಲ್ಲರೂ ಸಿಕ್ಕರು. ಅಲ್ಲಿ ನೆಟ್‌ವರ್ಕ್ ಇರಲಿಲ್ಲ. ನೆಟ್‌ವರ್ಕ್ ಇಲ್ಲದಾಗ ಟ್ಯಾಬ್ ತನ್ನಲ್ಲಿದ್ದ ಹಳೆಯ ಲೆಕ್ಕವನ್ನೇ ತೋರಿಸುತ್ತದೆ. ಮೇಡಂ ತಕ್ಷಣ ಕುಳಗಿ ದಾರಿಯಾಗಿ ಜೀಪು ಕಳಿಸಿದರು.

ನಾನು ಹೊಸ ಆವೃತ್ತಿಯನ್ನು ತೆಗೆದುಹಾಕಲು ಕಮಾಂಡ್ ಕೊಟ್ಟೆ. ಅದನ್ನೇ ನೆಚ್ಚಿಕೊಂಡಿದ್ದ ಬೇರೊಂದು ಪ್ಯಾಕೇಜ್ ತೆಗೆಯಲು ಬಿಡಲಿಲ್ಲ. ಆ ಹಿಡಿತ ಬಿಡಿಸಿ, ಹಳೆಯ ಆವೃತ್ತಿಯ ಸಂಖ್ಯೆ ಕೊಟ್ಟು ಅದನ್ನು ಹಾಕತೊಡಗಿದೆ. ಇಂಟರ್ನೆಟ್ ನಡುವೆ ಕಡಿದು, ಡೌನ್‌ಲೋಡ್ ಮತ್ತೆ ಮೊದಲಿನಿಂದ ಶುರುವಾಯಿತು. ಸಿಟ್ಟು ಮಾಡಿಕೊಳ್ಳುವಷ್ಟೂ ತ್ರಾಣವಿರಲಿಲ್ಲ. ಸುಮ್ಮನೆ ಕಾದೆ.

ಕೊನೆಗೆ ಟೆಸ್ಟುಗಳು ಓಡಿದವು. ಒಂದು ಕೆಂಪಾಯಿತು, ಅಂದರೆ ಉತ್ತರ ತಪ್ಪು. ಒಂದು ವರ್ಷದೊಳಗಿನ ಮಕ್ಕಳ ಲೆಕ್ಕ ಬೇರೆ ಕಡೆ ಇತ್ತು. ಶಿವಾನಂದ ಅದನ್ನು ತಿದ್ದಿರಲಿಲ್ಲ. ಅವನು ಕೀಬೋರ್ಡ್ ಎಳೆದುಕೊಂಡು ಆ ಭಾಗ ಹುಡುಕಿದ. ಆಮೇಲೆ ತಿದ್ದಿದ. ಎಲ್ಲ ಟೆಸ್ಟುಗಳೂ ಪಾಸಾದ ಮೇಲೆ ಹೊಸ ಲೆಕ್ಕ ಚಾಲೂ ಮಾಡಿದೆವು.

ಜೀಪು ಮಧ್ಯಾಹ್ನ ಮರಳಿತು. ಒಳಗೆ ಒಬ್ಬ ತಾಯಿ, ತೊಡೆಯ ಮೇಲೆ ಹಲ್ಲು ಬಾರದ ಕೂಸು. ಜೀಪು ಮುಟ್ಟುವ ಮೊದಲೇ ನರ್ಸ್ ಹಳೆಯ ಲೆಕ್ಕದಲ್ಲಿ ಹೊಸ ಸಿರಪ್ ಒಂದು ಸಲ ಕೊಟ್ಟಿದ್ದಳು, ಅಂದರೆ ಎರಡು ಪಟ್ಟು ಔಷಧ. ಕೂಸಿನ ರಕ್ತ ಪರೀಕ್ಷೆ ಮಾಡಿ, ಮರುದಿನದವರೆಗೆ ಇಟ್ಟುಕೊಂಡರು. ಸಂಜೆ ಕಾರಿಡಾರಿನಲ್ಲಿ ಆ ತಾಯಿ ನನ್ನನ್ನೂ ಡಾಕ್ಟರ್ ಎಂದು ತಿಳಿದು ಕೊಂಕಣಿ ಬೆರೆತ ಕನ್ನಡದಲ್ಲಿ, ಕೂಸಿಗೆ ಏನೂ ಆಗುವುದಿಲ್ಲವಲ್ಲ ಎಂದು ಕೇಳಿದಳು. ಡಾಕ್ಟರು ನೋಡುತ್ತಿದ್ದಾರೆ ಎಂದಷ್ಟೇ ಹೇಳಿ ಅವಳ ಪಕ್ಕದ ಬೆಂಚಿನಲ್ಲಿ ಕೂತೆ. ಎದ್ದು ಹೋಗಲು ಆಗಲಿಲ್ಲ.

ಕೂಸಿಗೆ ಏನೂ ಆಗಲಿಲ್ಲ. ಮರುದಿನ ಅದೇ ಜೀಪಿನಲ್ಲಿ ಊರಿಗೆ ಹೋಯಿತು.

ಕೆಂಪಾಗಿ ಕಾಣುವ ತಪ್ಪಿಗೆ ನಾನು ಹೆದರುವುದಿಲ್ಲ, ಅದು ತಾನೇ ಕೂಗಿ ಹೇಳುತ್ತದೆ. ಏನನ್ನೂ ಹೇಳದೆ ಮುಗಿದ ಕೆಲಸ ಕಂಡರೆ ಮಾತ್ರ, ಎಷ್ಟೇ ದಣಿದಿರಲಿ, ಕುರ್ಚಿ ಎಳೆದುಕೊಂಡು ಮತ್ತೆ ಕೂರುತ್ತೇನೆ.