ಸವೆಯದ ಡಿಲೀಟ್ ಗುಂಡಿ

ಕೀಬೋರ್ಡಿನ ಗುಂಡಿಗಳೆಲ್ಲ ಒಂದೇ ದಿನ ಒಂದೇ ಡಬ್ಬಿಯಲ್ಲಿ ಮನೆಗೆ ಬಂದರೂ ಒಂದೇ ಸಮನೆ ಸವೆಯುವುದಿಲ್ಲ. ನನ್ನದನ್ನೇ ನೋಡಿ. ವರ್ಷಗಳ ಬೆರಳಾಟದಲ್ಲಿ ‘ಎ’ ಗುಂಡಿಯ ತಲೆ ಪೂರ್ತಿ ಬೋಳಾಗಿದೆ, ಎಂಟರ್ ಗುಂಡಿಯ ಮೇಲೆ ನನ್ನ ಕಿರುಬೆರಳಿನ ಆಕಾರದ ಹೊಳಪೊಂದು ಕುಳಿತಿದೆ, ಸ್ಪೇಸ್‌ಬಾರಿನ ನಡುವೆ ಹೆಬ್ಬೆರಳು ತನ್ನದೇ ಒಂದು ತಗ್ಗು ಮಾಡಿಕೊಂಡಿದೆ. ಆದರೆ ಬಲಗಡೆಯ ಮೂಲೆಯಲ್ಲಿರುವ ಡಿಲೀಟ್ ಎಂಬ ಗುಂಡಿ ಮಾತ್ರ ಅಂಗಡಿಯಿಂದ ಬಂದ ದಿನದ ಕಾಂತಿಯನ್ನು ಹಾಗೇ ಕಾಪಾಡಿಕೊಂಡು ಬಂದಿತ್ತು. ಇದನ್ನು ನಾನು ಬಹಳ ಕಾಲ ಆ ಗುಂಡಿಯ ಗುಣಮಟ್ಟವೆಂದೇ ತಿಳಿದಿದ್ದೆ.

ನಾನು ಬರೆಯುವವನು. ಮಸ್ಕಿಯಲ್ಲಿ ಮನೆ, ಲಿಂಗಸುಗೂರಿನ ಕಾಲೇಜಿನಲ್ಲಿ ಕನ್ನಡ ಅಧ್ಯಾಪನ, ಇವೆರಡರ ನಡುವಿನ ಬಸ್ಸಿನಲ್ಲಿ ಚಿಂತನೆ. ಅಭಿನಂದನ ಗ್ರಂಥಕ್ಕೆ ಲೇಖನ, ಪರಿಚಿತರ ಕವನ ಸಂಕಲನಕ್ಕೆ ಮುನ್ನುಡಿ, ಅಪರಿಚಿತರ ಮದುವೆಗೆ ಸಪ್ತಪದಿಯ ಮಹತ್ವ, ಹೀಗೆ ಕೇಳಿದವರಿಗೂ ಕೇಳದವರಿಗೂ ಬರೆದುಕೊಡುತ್ತ ಬಂದವನು. ಅಕ್ಷರ ತಪ್ಪಿದರೆ ತಿದ್ದಲು ಬ್ಯಾಕ್‌ಸ್ಪೇಸ್ ಇದೆ. ಅದನ್ನು ಧಾರಾಳವಾಗಿ ಬಳಸುತ್ತೇನೆ. ಆದರೆ ಸುಪುಷ್ಟವಾದ, ಸಮಾಸಭರಿತವಾದ, ಹೆತ್ತವನ ಕಣ್ಣಿಗೆ ಮುದ್ದಾಗಿ ಕಾಣುವ ಒಂದು ವಾಕ್ಯವನ್ನು ಇಡಿಯಾಗಿ ಆಯ್ದು ಡಿಲೀಟ್ ಒತ್ತುವ ಕ್ರೌರ್ಯ ನನ್ನ ಜಾಯಮಾನದಲ್ಲಿಲ್ಲ. ನಮ್ಮೂರಿನ ಗುಡ್ಡದಲ್ಲಿ ಚಕ್ರವರ್ತಿಯೊಬ್ಬ ಬಂಡೆಯ ಮೇಲೆ ಕೊರೆಸಿಟ್ಟು ಹೋದ ಮಾತು ಇನ್ನೂ ಅಲ್ಲೇ ಇದೆಯಲ್ಲ, ಅಂಥ ಊರಿನವನಿಗೆ ಇಷ್ಟು ಹಮ್ಮು ಸಹಜ. ಆ ಚಕ್ರವರ್ತಿ ಕೊರೆಸಿದ್ದು ಕೆಲವೇ ಸಾಲು ಎಂಬುದನ್ನು ನನ್ನ ಹೆಂಡತಿ ಗಿರಿಜಾ ಆಗಾಗ ನೆನಪಿಸುತ್ತಾಳೆ.

ಗಿರಿಜಾ ಸಂತೆಕಲ್ಲೂರಿನ ಶಾಲೆಯಲ್ಲಿ ಶಿಕ್ಷಕಿ. ಮೊಮ್ಮಗನ ಕೈಹಿಡಿದು ನಡೆಸುವ ವಯಸ್ಸಿನಲ್ಲಿ ದೂರಶಿಕ್ಷಣದ ಎಂ.ಎ.ಗೆ ಸೇರಿಕೊಂಡವಳು. ಮನೆಯಲ್ಲೇ ಇಂಥ ಕನ್ನಡದ ವಿದ್ವಾಂಸನಿರುವಾಗ ಇತಿಹಾಸವನ್ನೇಕೆ ಆರಿಸಿಕೊಂಡಳೆಂದು ನಾನು ಒಮ್ಮೆ ನೊಂದು ಕೇಳಿದ್ದೆ. “ಕನ್ನಡ ತಗೊಂಡ್ರ ನೀವು ಪಾಠ ಹೇಳ್ತೀರಲ್ರೀ” ಎಂದಿದ್ದಳು. ಎಲ್ಲ ಪತ್ರಿಕೆಗಳೂ ಮುಗಿದು ಒಂದು ಮಾತ್ರ ಬಾಕಿ ಉಳಿದಿತ್ತು. ಅದು ಒಮ್ಮೆ ಮಗಳ ಹೆರಿಗೆಗೆ ಸಿಕ್ಕು ತಪ್ಪಿತ್ತು, ಇನ್ನೊಮ್ಮೆ ನನ್ನ ಪುಸ್ತಕ ಬಿಡುಗಡೆ ಸಮಾರಂಭದಲ್ಲಿ ಬಂದವರಿಗೆ ಉಪ್ಪಿಟ್ಟು ಹಂಚುವ ಕೆಲಸದಲ್ಲಿ ತಪ್ಪಿತ್ತು. ಈ ಸಲದ್ದು ಕೊನೆಯ ಅವಕಾಶ. ತಪ್ಪಿದರೆ ನೋಂದಣಿಯೇ ರದ್ದಾಗಿ ಇಷ್ಟು ವರ್ಷ ಓದಿದ್ದೆಲ್ಲ ನೀರಿನಲ್ಲಿ ಹೋಮ.

ಪರೀಕ್ಷೆ ಭಾನುವಾರ. ಮನೆಯಲ್ಲೇ, ಒಬ್ಬಳೇ ಇರುವ ಕೋಣೆಯಲ್ಲಿ, ಮೊದಲೇ ನೋಂದಾಯಿಸಿದ ಕಂಪ್ಯೂಟರಿನ ಮುಂದೆ ಕುಳಿತು, ಕ್ಯಾಮೆರಾದ ಕಣ್ಗಾವಲಿನಲ್ಲಿ ಬರೆಯಬೇಕು. ಆ ವಾರದ ಮೊದಲಲ್ಲಿ ಅವರು ಕಳಿಸಿದ ಪರೀಕ್ಷಾ ತಂತ್ರಾಂಶವನ್ನು ನಮ್ಮ ಯಂತ್ರಕ್ಕೆ ಇಳಿಸಿದರೆ ಅದು ಮೂತಿ ತಿರುವಿತು. ನಿಮ್ಮ ಮದರ್‌ಬೋರ್ಡಿನಲ್ಲಿ ಭದ್ರತೆಯ ಒಂದು ಸ್ವಿಚ್ಚು ಆರಿದೆ, ಅದನ್ನು ಹಾಕದ ಹೊರತು ನಿಮ್ಮನ್ನು ನಂಬಲಾರೆ ಎಂದಿತು. ಯಂತ್ರ ಕಣ್ಣು ಬಿಡುವ ಮೊದಲ ಕ್ಷಣದಲ್ಲಿ, ವಿಂಡೋಸ್ ಬಂದು ಯಜಮಾನಿಕೆ ವಹಿಸಿಕೊಳ್ಳುವುದಕ್ಕೆ ಮುಂಚೆ, ಡಿಲೀಟ್ ಗುಂಡಿ ಒತ್ತಿದರೆ ಬಯಾಸ್ ಎಂಬ ಒಳಕೋಣೆ ತೆರೆಯುತ್ತದೆ, ಸ್ವಿಚ್ಚು ಅಲ್ಲಿದೆ ಎಂಬ ವಿವರವೂ ಜೊತೆಗಿತ್ತು.

ಇದೇನು ಮಹಾ ಎಂದು ತೋಳೇರಿಸಿದೆ. ಯಂತ್ರ ಆರಿಸಿ, ಹೊತ್ತಿಸಿ, ಡಿಲೀಟ್ ಒತ್ತಿದೆ. ವಿಂಡೋಸ್ ಬಂತು. ಮತ್ತೆ ಆರಿಸಿ ಇನ್ನೂ ಬೇಗ ಒತ್ತಿದೆ. ವಿಂಡೋಸ್ ಇನ್ನೂ ಬೇಗ ಬಂತು. ಹೆಸರಿನಲ್ಲಿ ಮದರ್ ಎಂದಿದ್ದರೂ ಮಕ್ಕಳು ಕೂಗಿದರೆ ಓಗೊಡದ ಇಂಥ ಬೋರ್ಡನ್ನು ನಾನು ಕಂಡಿರಲಿಲ್ಲ. ಸಂಜೆಯ ಹೊತ್ತಿಗೆ ನನ್ನ ತೋರುಬೆರಳು ಊದಿತ್ತು. ನಾನು ಗಿರಿಜಾಳಿಗೆ ಮಾನವ ಮತ್ತು ಯಂತ್ರಗಳ ಸಂಬಂಧದ ಕುರಿತು ಎರಡು ಮಾತು ಹೇಳಲು ತೊಡಗಿದೆ. ಅವಳು ಪುಸ್ತಕ ಎತ್ತಿಕೊಂಡು ಮಾಳಿಗೆಗೆ ಹೋದಳು.

ಮರುದಿನ ಕಾಲೇಜಿನಲ್ಲಿ ವಿಷಯ ಬಿತ್ತರಿಸಿದೆ. ನಮ್ಮಲ್ಲಿ ಸಾಲ ಕೇಳಿದರೆ ಮುಖ ತಿರುಗಿಸುವವರೂ ಸಲಹೆ ಕೇಳಿದರೆ ಕುರ್ಚಿ ಎಳೆದುಕೊಂಡು ಬರುತ್ತಾರೆ. ವಾಣಿಜ್ಯದವರು ಎಫ್ ಟು ಒತ್ತಿ ಎಂದರು. ರಾಜ್ಯಶಾಸ್ತ್ರದವರು ಎಲ್ಲ ಎಫ್‌ಗಳನ್ನೂ ಸರದಿಯಂತೆ ಒತ್ತಿ ನೋಡುವುದು ಪ್ರಜಾಸತ್ತಾತ್ಮಕ ಎಂದರು. ಗ್ರಂಥಪಾಲಕರು ಯಂತ್ರ ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ವಿಚಾರಿಸಿ, ದಕ್ಷಿಣ ಎಂದೊಡನೆ ದೀರ್ಘವಾಗಿ ತಲೆಯಾಡಿಸಿದರು. ಕಂಪ್ಯೂಟರ್ ವಿಭಾಗದ ವೀರೇಶ ಮಾತ್ರ ಗಂಭೀರನಾಗಿ ವಿಂಡೋಸಿನ ಒಳಗಿಂದಲೇ ಹೋಗುವ ಒಂದು ಅಡ್ಡದಾರಿ ಹೇಳಿದ. ಮನೆಗೆ ಬಂದು ನೋಡಿದರೆ ನಮ್ಮ ಯಂತ್ರದಲ್ಲಿ ಆ ದಾರಿಯ ಬಾಗಿಲೇ ಇರಲಿಲ್ಲ. ಫೋನ್ ಮಾಡಿದೆ. “ಹಂಗಾರ ಡಿಲೀಟ ಗತಿ ಸರ. ಸ್ವಿಚ್ ಹಾಕಿದ್ ಕೂಡ್ಲೆ ಟಕಟಕ ಬಡೀರಿ, ಬಿಡಬ್ಯಾಡ್ರಿ” ಎಂದ. ನಾನು ಬಡಿದ ಸದ್ದಿಗೆ ಪಕ್ಕದ ಮನೆಯವರು ಗೋಡೆಗೆ ಮೊಳೆ ಹೊಡೆಯುತ್ತಿದ್ದೀರಾ ಎಂದು ಕೇಳಿಕೊಂಡು ಬಂದರು.

ಶುಕ್ರವಾರ ರಜೆ ಹಾಕಿ ಯಂತ್ರವನ್ನು ಸಿಂಧನೂರಿನ ರಿಪೇರಿ ಅಂಗಡಿಗೆ ಸಾಗಿಸುವುದೆಂದಾಯಿತು. ಸಿಪಿಯು ಎಂಬ ಆ ಲೋಹದ ಪೆಟ್ಟಿಗೆಯನ್ನು ಹಳೆಯ ಚಾದರದಲ್ಲಿ ಸುತ್ತಿ ಎದೆಗವಚಿಕೊಂಡು ಬಸ್ಸು ಹತ್ತಿದೆ. ಪಕ್ಕದ ಸೀಟಿನ ಮುದುಕಿಯೊಬ್ಬಳು ಗಂಟನ್ನು ಬಹಳ ಹೊತ್ತು ನೋಡಿ, “ಯಪ್ಪಾ, ಒಳಗ ದೇವರೇನು?” ಎಂದಳು. ಅಲ್ಲವೆಂದೆ. “ಮತ್ತ ಇಷ್ಟ್ಯಾಕ ಅಪ್ಪಿಗೊಂಡೀಯಪಾ” ಎಂದು ಕಿಟಕಿಯ ಕಡೆ ತಿರುಗಿ ಭತ್ತದ ಗದ್ದೆ ನೋಡತೊಡಗಿದಳು.

ಅಂಗಡಿಯವನು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ತನ್ನ ತೆರೆ ಜೋಡಿಸಿ, ತನ್ನ ಕೀಬೋರ್ಡು ಸಿಕ್ಕಿಸಿ, ಮೊಬೈಲಿನಲ್ಲಿ ಯಾರೊಂದಿಗೋ ತೆಲುಗಿನಲ್ಲಿ ಮಾತಾಡುತ್ತಲೇ ಒಂದು ಸಲ, ಒಂದೇ ಸಲ, ಡಿಲೀಟ್ ಒತ್ತಿದ. ಒಳಕೋಣೆ ತೆರೆದು ನಿಂತಿತು. “ಏನೂ ಆಗಿಲ್ರೀ ಸರ, ಮಸ್ತ್ ಐತಿ. ಏನರ ಬದಲ್ ಮಾಡಬೇಕೇನು?” ಎಂದ. ಓದುಗ ಮಿತ್ರರೇ, ಈ ಪ್ರಶ್ನೆಗೆ ಹೌದು, ಆ ಸ್ವಿಚ್ಚು ಹಾಕಪ್ಪಾ ಎಂದಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಬೆಳಗಿನಿಂದ ಮಾತಾಡಲು ಯಾರೂ ಸಿಕ್ಕಿರಲಿಲ್ಲ. ಬಯಾಸ್ ಎಂಬುದಕ್ಕೆ ಕನ್ನಡದಲ್ಲಿ ‘ಮೂಲಸಂಸ್ಕಾರ’ ಎನ್ನಬಹುದೇ ‘ಗರ್ಭಾಂಕಣ’ ಎನ್ನಬಹುದೇ ಎಂಬ ಜಿಜ್ಞಾಸೆಯನ್ನು ನಾನು ಆರಂಭಿಸಿದೆ, ನಡುವೆ ಅವನು ಅದನ್ನೇ ಮತ್ತೆ ಕೇಳಿದಾಗ, “ಉಳಿದದ್ದು ನಾ ಮನ್ಯಾಗ ನೋಡ್ಕೋತೀನಿ ಬಿಡು” ಎಂದು ಕೈಯಾಡಿಸಿ ಮುಂದುವರಿದೆ. ಅವನು ಮೆಲ್ಲಗೆ ತಂತಿಗಳನ್ನು ಬಿಚ್ಚಿ, ಚಾದರ ಸುತ್ತಿ, ಗಂಟನ್ನು ನನ್ನ ತೊಡೆಯ ಮೇಲಿಟ್ಟ. ವಿದ್ವಾಂಸನನ್ನು ಇಷ್ಟು ಗೌರವದಿಂದ ಹೊರಹಾಕಿದ ಅಂಗಡಿ ಇನ್ನೊಂದಿರಲಾರದು.

ಮನೆಯಲ್ಲಿ ಜೋಡಿಸಿ ಡಿಲೀಟ್ ಒತ್ತಿದೆ. ವಿಂಡೋಸ್ ಬಂತು.

ಶನಿವಾರ ಮಧ್ಯಾಹ್ನದ ಹೊತ್ತಿಗೆ ನನಗೆ ನಿಜವಾಗಿ ಹೆದರಿಕೆಯಾಗಿತ್ತು. ಗಿರಿಜಾ ಬೆಳಿಗ್ಗೆಯೇ ಓದಿದ ಪುಸ್ತಕಗಳನ್ನು ಜೋಡಿಸಿ ಕಪಾಟಿನಲ್ಲಿಟ್ಟು ಬಾಗಿಲು ಹಾಕಿದ್ದಳು. ನಾನು ಸಮಾಧಾನ ಹೇಳಲು ಹೋದೆ. ಪದವಿ ಎಂಬುದು ಬಾಹ್ಯ ಅಲಂಕಾರ, ಜ್ಞಾನವೇ ಅಂತಿಮ ಎಂದೇನೋ ಶುರು ಮಾಡಿದ್ದೆ, ಅವಳು ಕೈ ಎತ್ತಿ ನಿಲ್ಲಿಸಿದಳು.

“ಒಂದ್ ಮಾತು ಹೇಳ್ರಿ. ಸಿಂಧನೂರಾಗ ಕೀಬೋರ್ಡು ಯಾರ್ದು?”

“ಅವಂದು. ನಾ ಇದನ್ನ ಒಯ್ದಿದ್ದಿಲ್ಲಲ್ಲ.”

ಅವಳು ನನ್ನನ್ನು ಒಂದು ಕ್ಷಣ ನೋಡಿದಳು. ಶಾಲೆಯಲ್ಲಿ ಮಗ್ಗಿ ತಪ್ಪಿದವರನ್ನು ನೋಡುವ ನೋಟ ಅದು. ಆಮೇಲೆ ನೆಲಕ್ಕೆ ಪತ್ರಿಕೆ ಹಾಸಿ, ಕೀಬೋರ್ಡನ್ನು ಬೋರಲು ಹಾಕಿ ಬೆನ್ನಿಗೆ ತಟ್ಟಿದಳು. ಶೇಂಗಾದ ಸಿಪ್ಪೆ ಬಿತ್ತು, ಚುರುಮುರಿ ಬಿತ್ತು, ನನ್ನ ಮೀಸೆಯದೆಂದು ಅವಳು ವಾದಿಸಿದ ಬಿಳಿಕೂದಲು ಬಿತ್ತು. ನನ್ನ ಸಾಹಿತ್ಯದ ಕಚ್ಚಾ ಸಾಮಗ್ರಿಯೆಲ್ಲ ಹೊರಬಿದ್ದ ಮೇಲೆ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ ಡಿಲೀಟ್ ಗುಂಡಿಯನ್ನು ಮೇಲಕ್ಕೆ ಮೀಟಿದಳು. ಅದರ ಕೆಳಗೆ ಕುಂಕುಮದ ಗಟ್ಟಿ ಪದರವೊಂದಿತ್ತು, ಆ ಪದರದೊಳಗೆ ಅಚ್ಚೊತ್ತಿದಂತೆ ಒಣಗಿ ಕೂತ ನಾಲ್ಕಾರು ಸಣ್ಣ ಎಲೆಗಳಿದ್ದವು.

“ಬನ್ನಿ ಎಲಿ” ಎಂದಳು ಗಿರಿಜಾ.

ಆಗ ನೆನಪಾಯಿತು. ದಸರೆಯಲ್ಲಿ ನಮ್ಮ ಮನೆಯ ಕುಡುಗೋಲು, ಮಿಕ್ಸರು, ಸ್ಕೂಟರುಗಳ ಜೊತೆ ಕಂಪ್ಯೂಟರಿಗೂ ಪೂಜೆಯಾಗುತ್ತದೆ. ಪೆಟ್ಟಿಗೆಗೆ ವಿಭೂತಿ, ಕೀಬೋರ್ಡಿಗೆ ಎಣ್ಣೆಯಲ್ಲಿ ಕಲಸಿದ ಕುಂಕುಮ, ಮೌಸಿಗೆ ಒಂದು ಸೇವಂತಿ. ಮಾರನೆಯ ದಿನ ಬನ್ನಿ ಕೊಡಲು ಹಟ್ಟಿಯಿಂದ ಬಸಣ್ಣ ಬಂದಿದ್ದ. ಬಸಣ್ಣ ನನ್ನ ಬಾಲ್ಯದ ಗೆಳೆಯ, ಚಿನ್ನದ ಗಣಿಯಲ್ಲಿ ಪಾಳಿಯ ಕೆಲಸ. ನೆಲದ ಕೆಳಗಿನ ಬಂಗಾರವನ್ನು ಕಂಡು ಬಂದವನು ಪ್ರತಿವರ್ಷ ಗಿಡದ ಮೇಲಿನ ಬಂಗಾರ ಹಿಡಿದು ಮನೆಯವರೆಗೆ ಬರುತ್ತಾನೆ. ಎದ್ದು ನಿಂತು, ಎರಡೂ ಕೈಯಲ್ಲಿ ಎಲೆ ತಗೊಂಡು, ಅಪ್ಪಿಕೊಳ್ಳುವುದು ಪದ್ಧತಿ. ಆ ದಿನ ನಾನು ಒಂದು ಮುನ್ನುಡಿಯ ಮಧ್ಯದಲ್ಲಿದ್ದೆ. ಸ್ನೇಹದ ಮಹತ್ವದ ಬಗ್ಗೆ ಒಂದು ದೀರ್ಘ ವಾಕ್ಯ ಆಗಷ್ಟೇ ಬಾಲ ಬಿಚ್ಚುತ್ತಿತ್ತು. “ಬನ್ನಿ ತಗೋಪಾ, ಬಂಗಾರದಂಗ ಇರೋಣು” ಎಂದು ಬಸಣ್ಣ ಬಾಗಿಲಲ್ಲಿ ನಿಂತಿದ್ದ. ನಾನು ತೆರೆಯಿಂದ ಕಣ್ಣು ತೆಗೆಯದೆ, “ಅಲ್ಲೇ ಇಡೋ, ಕೈ ಬಿಡುವಿಲ್ಲ” ಎಂದಿದ್ದೆ. ಅವನು ಎಲ್ಲಿಡಬೇಕೆಂದು ತಿಳಿಯದೆ, ನನ್ನ ಬೆರಳು ಹಾಯದ ಒಂದೇ ಜಾಗ ನೋಡಿ, ಕೀಬೋರ್ಡಿನ ಬಲಮೂಲೆಯಲ್ಲಿ, ಇನ್ನೂ ಹಸಿಯಿದ್ದ ಕುಂಕುಮದ ಮೇಲೆ ಇಟ್ಟು ಹೋಗಿದ್ದ. ಎಲೆ ಕುಂಕುಮದೊಡನೆ ಗುಂಡಿಯ ಸಂದಿಗೆ ಇಳಿದಿತ್ತು.

ದಸರೆ ಕಳೆದು, ಸಂಕ್ರಾಂತಿ ಕಳೆದು, ಯುಗಾದಿಯೂ ಕಳೆದಿತ್ತು. ಅಷ್ಟು ಕಾಲ ಆ ಗುಂಡಿ ಸತ್ತಿದ್ದರೂ ಯಾಕೆ ಗೊತ್ತಾಗಲಿಲ್ಲ ಎಂದು ನಾನು ಜೋರಾಗಿಯೇ ಆಶ್ಚರ್ಯಪಟ್ಟೆ. ಗಿರಿಜಾ ಪಿನ್ನಿನ ತುದಿಯಿಂದ ಕುಂಕುಮ ಕೆರೆಯುತ್ತ ತಲೆಯೆತ್ತದೆ ಹೇಳಿದಳು.

“ಗೊತ್ತಾಗಬೇಕಂದ್ರ ಬರದದ್ದನ್ನ ಒಮ್ಮೆರ ಅಳಿಸಬೇಕಾಗ್ತದ್ರಿ.”

ನನ್ನ ಕೃತಿಗಳ ಬಗ್ಗೆ ಇದುವರೆಗೆ ಬಂದಿರುವ ವಿಮರ್ಶೆಗಳಲ್ಲಿ ಇದೇ ಅತ್ಯಂತ ಸಂಕ್ಷಿಪ್ತವಾದದ್ದು, ಮತ್ತು ಪೂರ್ತಿ ಓದಿ ಬರೆದದ್ದು ಎಂದು ನನಗೆ ಖಾತ್ರಿಯಿರುವ ಒಂದೇ ವಿಮರ್ಶೆ.

ಗುಂಡಿಯನ್ನು ಮತ್ತೆ ಕೂಡಿಸಿ ಯಂತ್ರ ಹೊತ್ತಿಸಿದಳು. ಒಂದು ಸಲ ಒತ್ತಿದಳು. ಒಳಕೋಣೆ ತೆರೆಯಿತು, ಸ್ವಿಚ್ಚು ಸಿಕ್ಕಿತು, ತಂತ್ರಾಂಶ ಮುಖ ಸಡಿಲಿಸಿ ಸ್ವಾಗತ ಎಂದಿತು. ಅವಳು ಹೋಗಿ ಕಪಾಟಿನ ಬಾಗಿಲು ತೆರೆದಳು. ಅದರ ಸದ್ದು ಕೇಳಿ ನನಗೆ ಅಳು ಬಂದಂತಾಯಿತು, ಕೆಮ್ಮಿ ಮುಚ್ಚಿಕೊಂಡೆ.

ಭಾನುವಾರ ಅವಳು ಕೋಣೆಯ ಬಾಗಿಲು ಹಾಕಿಕೊಂಡಳು. ಕೋಣೆಯಲ್ಲಿ ಇನ್ನೊಬ್ಬರ ದನಿ ಕೇಳಿದರೂ ಪರೀಕ್ಷೆ ರದ್ದು ಎಂಬ ನಿಯಮವಿತ್ತು. ನಿಯಮ ಮಾಡಿದವರಿಗೆ ನನ್ನ ಪರಿಚಯವಿದ್ದಿರಬೇಕು. ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತೆ. ಹಾದುಹೋದವರು ಮಾತಾಡಿಸಿದರು, ನಾನು ತಲೆಯಾಡಿಸಿದೆ. ನನಗೆ ಹಲ್ಲುನೋವೆಂದು ತಿಳಿದು ಒಬ್ಬರು ಲವಂಗ ತಂದುಕೊಟ್ಟರು. ಅದನ್ನು ಬಾಯಲ್ಲಿಟ್ಟುಕೊಂಡು ಬಸಣ್ಣನಿಗೆ ಮೆಸೇಜು ಬರೆಯಲು ಮೊಬೈಲು ತೆಗೆದೆ. ಬಹಳ ಬರೆದೆ. ಅಳಿಸಿದೆ. ಕೊನೆಗೆ, ‘ನಿನ್ನ ಬಂಗಾರ ಈಗ ಸಿಕ್ತೋ, ಈ ಸಲ ದಸರಾಕ್ಕ ನಾನ ಹಟ್ಟಿಗೆ ಬರ್ತೀನಿ’ ಎಂದಷ್ಟೇ ಕಳಿಸಿದೆ. ಬಾಗಿಲು ತೆರೆದಾಗ ಗಿರಿಜಾಳ ಮುಖದಲ್ಲಿ ಬೆವರಿತ್ತು, ನಗೆಯೂ ಇತ್ತು.

ಅವಳು ಪಾಸಾದಳು. ಈಗ ಸಂಜೆಯ ಹೊತ್ತು ಕಂಪ್ಯೂಟರು ಅವಳದು. ತನ್ನ ಶಾಲೆಯ ಮಕ್ಕಳಿಗಾಗಿ ನಮ್ಮೂರಿನ ಬಂಡೆಯ ಬರಹದ ಬಗ್ಗೆ ಅರ್ಧ ಪುಟ ಬರೆಯುತ್ತಿದ್ದಾಳೆ. ಮೊದಲು ಅದು ಮೂರು ಪುಟವಿತ್ತು.

ಈ ಪ್ರಬಂಧವೂ ಇಲ್ಲಿಗೆ ಮುಗಿಯುವುದಿರಲಿಲ್ಲ. ಇದರ ಕೆಳಗೆ ಇನ್ನೊಂದು ಪ್ಯಾರಾ ಇತ್ತು. ಮನುಷ್ಯನ ಅಂತಃಕರಣವನ್ನು ಮದರ್‌ಬೋರ್ಡಿಗೂ ಅಹಂಕಾರವನ್ನು ಒಣಗಿದ ಕುಂಕುಮಕ್ಕೂ ಹೋಲಿಸಿ, ಒಂದೇ ವಾಕ್ಯದಲ್ಲಿ ಹನ್ನೊಂದು ಸಾಲು ನಡೆದು, ಉಸಿರು ಕಟ್ಟುವ ಹಂತದಲ್ಲಿ ಕ್ರಿಯಾಪದಕ್ಕೆ ಬಂದು ಸೇರುವ ಪ್ಯಾರಾ. ಗಿರಿಜಾಳನ್ನು ಕರೆದು ಓದಿಸಿದೆ. ಅವಳು ನಿಂತೇ ಓದಿದಳು. “ಇದೆಲ್ಲ ಮ್ಯಾಲೆ ತಿಳಿದೈತಲ್ರೀ” ಎಂದು ಚಹಾ ಇಡಲು ಒಳಗೆ ಹೋದಳು. ಸಮರ್ಥನೆಗೆ ಬಾಯಿ ತೆರೆದವನು ಮುಚ್ಚಿದೆ. ಪ್ಯಾರಾವನ್ನು ಆಯ್ದುಕೊಂಡು ಬಲಮೂಲೆಗೆ ಬೆರಳು ಒಯ್ದು ಒತ್ತಿದೆ. ಆ ಗುಂಡಿಯ ಅಂಚಿನ ಕಾಂತಿ ಇತ್ತೀಚೆಗೆ ತುಸು ಮಾಸಿದೆ. ಅಳಿಸಿದ್ದರಲ್ಲಿ ನನ್ನ ಪಾಲು ಒಂದೇ ಸಲದ್ದು, ಉಳಿದದ್ದೆಲ್ಲ ಗಿರಿಜಾಳದು.