ಒಡೆಯದ ಎಂಟು ಸಾವಿರದ ನೂರಾ ತೊಂಬತ್ತೊಂದು

ಬೆಳಗಿನ ಏಳೂವರೆಗೆ ನಮ್ಮ ಮನೆಯಲ್ಲಿ ಫಳಾರ. ಐದು ನಿಮಿಷ ತಡವಾದರೂ ನನಗದು ರುಚಿಸುವುದಿಲ್ಲ. ಈ ಹೊತ್ತು ತೊಯ್ಸಿದ ಚುರುಮರಿಯ ಸುಸಲಾದ ವಾಸನೆ, ಬಿಸಿ ಒಗ್ಗರಣೆಯ ಮೇಲೆ ಪುಟಾಣಿ ಹಿಟ್ಟು ಉದುರಿಸಿದಾಗ ಏಳುತ್ತದಲ್ಲ ಅದು, ಮೂಗಿಗೆ ಬಡಿದದ್ದೇ ಗಡಿಯಾರ ನೋಡುವುದು ಮರೆತೆ. ಇದಕ್ಕೂ ಮುಂಚೆ ನಾನು ಗಡಿಯಾರ ಮರೆತದ್ದು ಒಮ್ಮೆ ಮಾತ್ರ ಎಂದು ನಮ್ಮ ಮಂದಿ ನಂಬಿದ್ದಾರೆ.

ಅದು ಎಂಬತ್ತರ ದಶಕ. ನಾನು ಅಣ್ಣಿಗೇರಿಯಲ್ಲಿ ಗಣಿತದ ಮಾಸ್ತರ. ಸೋದರಮಾವನ ಜೊತೆ ಕುಂದಗೋಳಕ್ಕೆ ಹೆಣ್ಣು ನೋಡಲು ಹೋಗಿದ್ದೆ. ಕೊನೆಯ ಬಸ್ಸು ಐದಕ್ಕೆ. ಹೆಣ್ಣು ನೋಡಲು ಹೋದವರು ಸುಸಲಾ ತಿನ್ನಬಹುದು, ಚಹಾ ಕುಡಿಯಬಹುದು. ಊಟಕ್ಕೆ ಕೂತರೆ ಮಾತು ಕೊಟ್ಟಂತೆಯೇ. ಮಾಮಾ ಇನ್ನೂ ಎರಡು ಹೆಣ್ಣು ನೋಡಿಟ್ಟಿದ್ದ.

"ಒಂದು ಹಾಡು ಹೇಳವಾ" ಎಂದ ಮಾಮಾ ಹುಡುಗಿಗೆ, ರೂಢಿಯಂತೆ.

"ಹಾಡು ಬರೂದಿಲ್ರಿ."

"ಗವಾಯಿಗಳ ಊರು ಕುಂದಗೋಳದಾಗ ಹುಟ್ಟಿ ಹಾಡು ಬರೂದಿಲ್ಲಂದ್ರ?"

"ಲೆಕ್ಕ ಬರ್ತೈತ್ರಿ. ಮಾಸ್ತರಿಗೆ ನಾನೂ ಒಂದು ಕೇಳ್ತೀನಿ. ಹದಿಮೂರು ಎರಡುಗಳನ್ನ ಒಂದಕ್ಕೊಂದು ಗುಣಿಸಿ ಒಂದು ಕಳೀರಿ. ಎಂಟು ಸಾವಿರದ ನೂರಾ ತೊಂಬತ್ತೊಂದು. ಶೇಷ ಉಳೀದs ಯಾವುದಕ್ಕರ ಒಡಿತೈತೋ ಇಲ್ಲೋ?"

ಅವಳಪ್ಪ ಹಣೆ ಒತ್ತಿಕೊಂಡ. "ಮತ್ತ ಅದನ್ನ ಕೇಳಿದ್ಯಾ? ಹಿಂದ ಬಂದಾವ ಬರೋಬರಿ ಹೇಳಿದ್ನಲ್ಲವಾ, ಒಡಿಯೂದಿಲ್ಲಂತ. ಅವಗೂ ಒಲ್ಲೆ ಅಂದಿ."

"ಅವರು ಭಾಗಿಸಿ ನೋಡದs ಹೇಳಿದ್ರಪ್ಪಾ. ಹನ್ನೊಂದು ಎರಡುಗಳನ್ನ ಗುಣಿಸಿ ಒಂದು ಕಳದ್ರ ಬರೂದೂ ಹಿಂಗs ಗಟ್ಟಿ ಕಾಣ್ತೈತಿ. ಆದ್ರ ಇಪ್ಪತ್ಮೂರಕ್ಕ ಒಡೀತೈತಿ."

ಮಾಮಾ ತಂದಿದ್ದ ನನ್ನ ಜಾತಕವನ್ನು ತಿರುವಿ, ಅದರ ಬೆನ್ನಿಗೆ ಭಾಗಾಕಾರ ಶುರುಮಾಡಿದೆ. ಮೂರಕ್ಕೆ ಒಂದು ಉಳಿಯಿತು, ಏಳಕ್ಕೂ ಒಂದು, ಹದಿಮೂರಕ್ಕೂ ಒಂದು. ಇನ್ನೇನು ಒಡೆಯಿತು ಎನ್ನುವಾಗ ಒಂದೇ ಒಂದು ಉಳಿಸಿಕೊಂಡು ನಗುವ ಸಂಖ್ಯೆ! ಹದಿನೇಳಕ್ಕೆ, ಹತ್ತೊಂಬತ್ತಕ್ಕೆ ಹೋದೆ. ಸುಸಲಾ ಆರಿತು.

"ಒಡಿಯೂದಿಲ್ಲಂತ ಹೇಳಿ ಏಳಲೇ" ಎಂದು ಮಾಮಾ ಕಿವಿಯಲ್ಲಿ ಬುಸುಗುಟ್ಟಿದ. "ಬಸ್ ತಪ್ಪಿದ್ರ ಇಲ್ಲೇ ಉಣಬೇಕಾಕ್ಕೈತಿ!"

"ನೋಡದs ಹ್ಯಾಂಗ ಹೇಳಲಿ ಮಾಮಾ?"

ಎಂಬತ್ತೊಂಬತ್ತಕ್ಕೆ ಮೂರು ಉಳಿಯಿತು. ಅಲ್ಲಿಗೆ ಮುಗಿಯಿತು. ಅದಕ್ಕಿಂತ ದೊಡ್ಡದು ಯಾವುದಾದರೂ ಇದನ್ನು ಒಡೆಯುವುದಾದರೆ, ಅದರ ಜೋಡಿ ಚಿಕ್ಕದಿರಬೇಕು. ಚಿಕ್ಕವೆಲ್ಲ ಆಗಲೇ ಸೋತಿದ್ದವು. ತಲೆಯೆತ್ತಿದೆ. ಗೋಡೆಯ ಗಡಿಯಾರದಲ್ಲಿ ಐದಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಬಾಗಿಲ ಬಳಿ ಅವಳು ಉಸಿರು ಹಿಡಿದು ನಿಂತಿದ್ದಳು.

ನಾನು ತಲೆ ತಗ್ಗಿಸಿ ಮತ್ತೆ ಮೂರರಿಂದ ಶುರುಮಾಡಿದೆ.

ಬಸ್ಸು ಹೋದ ಸದ್ದು ಎಲ್ಲರಿಗೂ ಕೇಳಿತು. ಆಮೇಲೆ ಹೇಳಿದೆ, "ಒಡಿಯೂದಿಲ್ರಿ. ಎಂಬತ್ತೊಂಬತ್ತರ ಮಟ ನೋಡೀನಿ."

ಅವಳು ಒಳಗೆ ತಿರುಗಿ ಕೂಗಿದಳು, "ಅವ್ವಾ, ಅಕ್ಕಿ ಹಾಕು!"

ಮಾಮಾ ಮುನಿಸಿನಲ್ಲೇ ಊಟಕ್ಕೆ ಕೂತ, ಎರಡು ಸಲ ಸಾರು ಹಾಕಿಸಿಕೊಂಡ.

ಈಗ ಅವಳೇ ತಟ್ಟೆ ತಂದು ಮುಂದಿಟ್ಟಳು. "ಆವತ್ತು ಎರಡನೇ ಸಲ ಯಾಕ ಮಾಡಿದ್ರಿ? ಮೊದಲನೇದs ಬರೋಬರಿ ಇತ್ತಲ್ಲ."

ನಾನು ದಂಗಾದೆ. "ನಿನಗ ಗೊತ್ತಿತ್ತೇನು?"

"ಬಾಗಿಲದಾಗ ನಿಂತು ನಾನೂ ಮನಸಿನ್ಯಾಗ ಭಾಗಿಸ್ತಿದ್ದೆ. ನಿಮಗಿಂತ ಮೊದಲs ಮುಗಿಸಿದ್ದೆ."

ಇಷ್ಟು ವರ್ಷ ಬಸ್ಸು ತಪ್ಪಿಸಿದವನು ನಾನೊಬ್ಬನೇ ಎಂದುಕೊಂಡಿದ್ದೆ.

"ಹದಿನೇಳು ಎರಡುಗಳನ್ನ ಗುಣಿಸಿ ಒಂದು ಕಳೀರಿ" ಎಂದಳು. "ಒಡಿತೈತೋ ಇಲ್ಲೋ?"

ಗಡಿಯಾರಕ್ಕೆ ಬೆನ್ನು ಮಾಡಿ ಕೂತು, ಮೂರರಿಂದ ಶುರುಮಾಡಿದ್ದೇನೆ.