ಗೋಡೆಗಿಳಿದ ನಡುಕ

ಸದಲಗಾದ ಫಿಟರ್ ಜಮಾಲಸಾಬ ಬಂದು ನಾಣ್ಯ ನಿಲ್ಲಿಸುವವರೆಗೆ ಸುತ್ತಲಿನ ಯಾವ ಹೊಸ ಹಿಟ್ಟಿನ ಗಿರಣಿಗೂ ಜೋಳ ಬೀಳುತ್ತಿರಲಿಲ್ಲ. ಯಂತ್ರವನ್ನು ನೆಲಕ್ಕೆ ಬೋಲ್ಟು ಹಾಕಿ ಬಿಗಿಯುವುದು, ಓಡಿಸುವುದು, ಅದರ ಬೆನ್ನ ಮೇಲೆ ದಪ್ಪನೆಯ ಹಳೇ ಐದು ರೂಪಾಯಿಯನ್ನು ಅಂಚಿನ ಮೇಲೆ ನಿಲ್ಲಿಸುವುದು. ನಾಣ್ಯ ಬೀಳದಿದ್ದರೆ ಕೆಲಸ ಪಾಸು. ಮೂವತ್ತು ವರ್ಷ ಇದೇ ಪರೀಕ್ಷೆ. ಜಂಬವೂ ಇತ್ತು, ಸುಳ್ಳೇಕೆ ಹೇಳಬೇಕು.

ಹೋದ ವರ್ಷ ಹಾರೂಗೇರಿಯಲ್ಲಿ ಶ್ರೇಣಿಕನ ಗಿರಣಿಯನ್ನೂ ಹೀಗೆಯೇ ಕೂಡಿಸಿದ. ಗೋಡೆಯಾಚೆ ಗಂಗೂಬಾಯಿಯ ಮನೆ. ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಟ್ಟು ಬದುಕುವ ಹೆಂಗಸು. ಎಂಟು ದಿನಕ್ಕೇ, ಅವನು ಗಿರಣಿಯಲ್ಲಿದ್ದಾಗ ಬಂದು, ಗೋಡೆ ನಡುಗುತ್ತಿದೆ, ಒಂದು ಸಲ ಕೈ ಇಟ್ಟು ನೋಡಿರೆಂದು ಬೇಡಿಕೊಂಡಳು. ಜಮಾಲಸಾಬ ನಕ್ಕು, ಅಲ್ಲಾಡದೆ ನಿಂತ ನಾಣ್ಯ ತೋರಿಸಿದ. ಹಿಟ್ಟಿಗೆ ಬಂದವರೂ ನಕ್ಕರು. ಅವಳು ಸೆರಗು ಹೊದ್ದು ಹೊರಟುಹೋದಳು.

ಐದು ತಿಂಗಳಿಗೆ ಆ ಗೋಡೆಯಲ್ಲಿ ಪಾತ್ರೆ ಇಡುವ ಕಲ್ಲಿನ ಹಲಗೆ ಸಡಿಲಾಗಿ ಅವಳ ಬಲ ಮುಂಗೈ ಮೇಲೆ ಬಿತ್ತು. ಎಲುಬು ಕೂಡಿತು, ಹಿಡಿತ ಬರಲಿಲ್ಲ. ರೊಟ್ಟಿ ನಿಂತವು.

ಹೆದರಿದ ಶ್ರೇಣಿಕ ಜಮಾಲಸಾಬನನ್ನೂ, ನಿಪ್ಪಾಣಿಯಿಂದ ಪ್ರಾಜಕ್ತಾ ಎಂಬ ಇಂಜಿನಿಯರ್ ಹುಡುಗಿಯನ್ನೂ ಕರೆಸಿದ. ಬೆಂಕಿಪೆಟ್ಟಿಗೆಯಷ್ಟು ಸೆನ್ಸರನ್ನು ಅವಳು ಮೊದಲು ಯಂತ್ರಕ್ಕೆ ಅಂಟಿಸಿದಳು. ಕಂಪನ ಚೂರೇ ಚೂರು. ಜಮಾಲಸಾಬ ಮೀಸೆ ಸವರಿಕೊಂಡ. ಆಮೇಲೆ ನೆಲಕ್ಕೆ, ಆಮೇಲೆ ಗಂಗೂಬಾಯಿಯ ಗೋಡೆಗೆ. ಅಲ್ಲಿ ಯಂತ್ರಕ್ಕಿಂತ ಹೆಚ್ಚು.

"ಬಿಗದ್ರ ನಡುಕ ಸಾಯೂದಿಲ್ಲ ಕಾಕಾ. ಬೋಲ್ಟ್ ಹಿಡದು ನೆಲಕ್ಕ ಇಳೀತೈತಿ, ನೆಲದಿಂದ ಗ್ವಾಡಿಗಿ. ನೀವು ಅದು ಹೊಂಟ ಜಾಗಾ ಅಷ್ಟ ನೋಡೀರಿ, ಮುಟ್ಟೂ ಜಾಗಾ ನೋಡಿಲ್ಲ," ಎಂದಳು ಪ್ರಾಜಕ್ತಾ.

ಜಮಾಲಸಾಬ ಹೊರಗೆ ಕಣ್ಣು ಹಾಯಿಸಿದ. ಗಿರಣಿಯ ಬಾಗಿಲಿಂದ ಗಂಗೂಬಾಯಿಯ ಬಾಗಿಲಿಗೆ ಹತ್ತು ಹೆಜ್ಜೆ. ಅಷ್ಟೂ ನಡೆಯಲಾರದಷ್ಟು ದೊಡ್ಡವನಾಗಿಬಿಟ್ಟಿದ್ದನೇ ತಾನು? ಅಂದೇ ಬೋಲ್ಟು ಬಿಚ್ಚಿ, ಪ್ರಾಜಕ್ತಾ ಹೇಳಿದಂತೆ ಕೆಳಗೆ ದಪ್ಪ ರಬ್ಬರು ಕೊಟ್ಟ. ಈಗ ಯಂತ್ರವೇ ಮೈ ಕುಣಿಸುತ್ತದೆ, ನಾಣ್ಯ ಕ್ಷಣವೂ ನಿಲ್ಲುವುದಿಲ್ಲ.

ಗಿರಣಿ ಓಡುತ್ತಿರುವಾಗಲೇ ಗಂಗೂಬಾಯಿಯ ಮನೆಗೆ ಹೋದ. ಅವಳು ಎಡಗೈಯಿಂದ ಜೋಳ ಹಸನು ಮಾಡುತ್ತಿದ್ದಳು. ಗೋಡೆಗೆ ಅಂಗೈ ಒತ್ತಿ ಬಹಳ ಹೊತ್ತು ನಿಂತ. ನಡುಕವಿಲ್ಲ. ಇನ್ನು ಚಿಂತೆಯಿಲ್ಲ ಅಕ್ಕಾ ಎಂದ.

ಅವಳು ಮೊರದಿಂದ ಕಣ್ಣೆತ್ತಿ, ಗೋಡೆಯ ಮೇಲಿದ್ದ ಅವನ ಕೈಯನ್ನು ನೋಡಿದಳು.

"ಅವತ್ತ ನಾ ಬೇಡಿದ್ದೂ ಇಷ್ಟ ಅಲ್ಲೇನ್ರಿ," ಎಂದಳು.